385 ಡಾಲರ್ ಅಪರಾಧ, 42,000 ಡಾಲರ್ ಕಾರು: ಟಿಂಬ್ಸ್ ಪ್ರಕರಣದ ಪೂರ್ತಿ ಕಥೆ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಮೇರಿಯನ್ ಅಂತ ಒಂದು ಊರಿದೆ. 2013ರ ಮೇ ತಿಂಗಳಲ್ಲಿ ಅಲ್ಲಿನ ಪೊಲೀಸರು ಟೈಸನ್ ಟಿಂಬ್ಸ್ ಎಂಬಾತನ ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ ಅವನನ್ನು ಬಂಧಿಸಿದರು. ಅದಕ್ಕೂ ಮುಂಚೆ ಅವನು ಎರಡು ಸಲ ಹೆರಾಯಿನ್ ಮಾರಿದ್ದ. ಎರಡೂ ಸಲ ಕೊಂಡವರು ಗಿರಾಕಿಯ ವೇಷದಲ್ಲಿದ್ದ ಪೊಲೀಸರೇ. ಮೊದಲ ಸಲ 225 ಡಾಲರ್, ಎರಡನೇ ಸಲ 160 ಡಾಲರ್, ಒಟ್ಟು 385. ಮೂರನೇ ಸಲ ಮಾರಲು ಹೊರಟವನು ದಾರಿಯಲ್ಲೇ ಸಿಕ್ಕಿಬಿದ್ದ. ಅವನ ಜೊತೆಗೆ ಕಾರನ್ನೂ ಪೊಲೀಸರು ತೆಗೆದುಕೊಂಡು ಹೋದರು.

ಆ ಕಾರು ಲ್ಯಾಂಡ್ ರೋವರ್. ಬಂಧನಕ್ಕೆ ಕೆಲವೇ ತಿಂಗಳ ಹಿಂದೆ ಸುಮಾರು 42,000 ಡಾಲರ್ ಕೊಟ್ಟು ಕೊಂಡಿದ್ದ. ಅದು ಡ್ರಗ್ಸ್ ಮಾರಿ ಬಂದ ದುಡ್ಡಲ್ಲ. ಅಪ್ಪ ತೀರಿಕೊಂಡಾಗ ಜೀವವಿಮೆಯಿಂದ ಬಂದ ಹಣ. ಇದನ್ನು ಕೋರ್ಟೂ ಒಪ್ಪಿತು, ಸರ್ಕಾರವೂ ಅಲ್ಲಗಳೆಯಲಿಲ್ಲ. ಆಗಿನ ದರದಲ್ಲಿ ರೂಪಾಯಿಗೆ ತಿರುಗಿಸಿದರೆ ಅಪರಾಧದ ಮೊತ್ತ 21 ಸಾವಿರದ ಆಸುಪಾಸು, ಕಾರಿನ ಬೆಲೆ 22 ಲಕ್ಷಕ್ಕೂ ಜಾಸ್ತಿ.

ಟಿಂಬ್ಸ್ ನಿರಪರಾಧಿ ಅಲ್ಲ. ತಪ್ಪು ಮಾಡಿದ್ದ, ಕೋರ್ಟಿನಲ್ಲಿ ಒಪ್ಪಿಕೊಂಡಿದ್ದ. ಈ ಪ್ರಕರಣ ನನಗೆ ಮುಖ್ಯ ಅನ್ನಿಸುವುದೇ ಅದಕ್ಕೆ. ತಪ್ಪು ಮಾಡದವನ ಪರ ಮಾತಾಡುವುದು ಸುಲಭ. ತಪ್ಪು ಮಾಡಿದವನಿಂದಲೂ ಸರ್ಕಾರ ಇಷ್ಟೇ ಕಿತ್ತುಕೊಳ್ಳಬಹುದು, ಇದಕ್ಕಿಂತ ಜಾಸ್ತಿ ಆಗದು ಅಂತ ಒಂದು ಗೆರೆ ಇರಬೇಕು. ಆ ಗೆರೆ ಎಲ್ಲಿದೆ ಅಂತ ಕಂಡುಕೊಳ್ಳಲು ಈ ಒಂದು ಕಾರಿಗಾಗಿ ಅಮೆರಿಕದ ನ್ಯಾಯಾಲಯಗಳಿಗೆ ಎಂಟು ವರ್ಷ ಬೇಕಾಯಿತು.

ಶಿಕ್ಷೆ ಆಗಿತ್ತು, ಕಾರು ಅದರ ಮೇಲೆ

ಟಿಂಬ್ಸ್‌ನ ಚಟ ಶುರುವಾದದ್ದು ವೈದ್ಯರ ಚೀಟಿಯಿಂದ. ಕಾಲುನೋವಿಗೆ ಅಂತ ಬರೆದುಕೊಟ್ಟ ಓಪಿಯಾಯ್ಡ್ (ಅಫೀಮಿನ ಜಾತಿಯ ನೋವುನಿವಾರಕ) ಮಾತ್ರೆಗಳು. ಅವು ಅಭ್ಯಾಸವಾಗಿ, ಕೊನೆಗೆ ಹೆರಾಯಿನ್‌ಗೆ ತಂದು ನಿಲ್ಲಿಸಿದವು. ಆ ವರ್ಷಗಳಲ್ಲಿ ಅಮೆರಿಕದ ಸಣ್ಣ ಊರುಗಳಲ್ಲಿ ಇದೇ ದಾರಿಯಲ್ಲಿ ಹೋದವರು ಲೆಕ್ಕವಿಲ್ಲದಷ್ಟು. ಅಪ್ಪನ ವಿಮೆ ಹಣದಲ್ಲಿ ಕಾರಿಗೆ ಹೋಗಿ ಉಳಿದದ್ದು ಚಟಕ್ಕೆ ಕರಗಿತು. ಹೆರಾಯಿನ್ ಕೊಳ್ಳಲು ರಿಚ್ಮಂಡ್ ಎಂಬ ಊರಿಗೆ ಅದೇ ಕಾರಿನಲ್ಲಿ ಓಡಾಡುತ್ತಿದ್ದ. ಇದನ್ನು ಮುಚ್ಚಿಡುವಂತಿಲ್ಲ. ಸರ್ಕಾರದ ವಾದಕ್ಕೆ ಬಲ ಬಂದದ್ದೇ ಇಲ್ಲಿಂದ.

ಅವನಿಗೆ ಆದ ಶಿಕ್ಷೆ ಹೀಗಿತ್ತು: ಒಂದು ವರ್ಷ ಗೃಹಬಂಧನ, ಐದು ವರ್ಷ ಪ್ರೊಬೇಷನ್ (ಜೈಲಿನ ಹೊರಗೆ, ಷರತ್ತಿನ ಮೇಲೆ ನಿಗಾ), ಕೋರ್ಟಿನ ಉಸ್ತುವಾರಿಯಲ್ಲಿ ಚಟ ಬಿಡಿಸುವ ಚಿಕಿತ್ಸೆ. ಮೇಲೆ ಕೋರ್ಟು ಖರ್ಚು, ಶುಲ್ಕ ಅಂತ 1,203 ಡಾಲರ್. ಒಪ್ಪುವಂಥ ಶಿಕ್ಷೆ. ಚಟಕ್ಕೆ ಬಿದ್ದವನನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಯೋಚನೆ ಅದರಲ್ಲಿ ಕಾಣುತ್ತದೆ.

ಆದರೆ ಸರ್ಕಾರ ಅಲ್ಲಿಗೆ ನಿಲ್ಲಲಿಲ್ಲ. ಕಾರನ್ನು ಮುಟ್ಟುಗೋಲು ಹಾಕಿಕೊಳ್ಳಬೇಕು ಅಂತ ಬೇರೆಯೇ ಒಂದು ಸಿವಿಲ್ ದಾವೆ ಹೂಡಿತು. ಆ ದಾವೆ ನಡೆಸಲು ಒಂದು ಖಾಸಗಿ ವಕೀಲರ ಸಂಸ್ಥೆಯನ್ನು ನೇಮಿಸಿತು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಇಂಡಿಯಾನಾದಲ್ಲಿ ಇಂಥ ದಾವೆ ನಡೆಸುವ ಖಾಸಗಿ ವಕೀಲರಿಗೆ ಗೆದ್ದ ಆಸ್ತಿಯಲ್ಲಿ ಪಾಲು ಕೊಡಲು ಕಾನೂನು ಅವಕಾಶ ಮಾಡಿಕೊಟ್ಟಿತ್ತು. ಎಷ್ಟು ಜಪ್ತಿಯೋ ಅಷ್ಟು ಸಂಪಾದನೆ. ಶಿಕ್ಷೆ ಎಷ್ಟಿರಬೇಕು ಅಂತ ಕೇಳುವವನ ಜೇಬಿಗೇ ಶಿಕ್ಷೆಯ ಹಣದ ಒಂದು ಭಾಗ ಬರುವುದಾದರೆ ಅವನು ಕಡಿಮೆ ಕೇಳುತ್ತಾನಾ?

2015ರಲ್ಲಿ ವಿಚಾರಣಾ ನ್ಯಾಯಾಲಯದ ನ್ಯಾಯಾಧೀಶ ಜೆಫ್ರಿ ಟಾಡ್ ಸರಳವಾಗಿ ಲೆಕ್ಕ ಹಾಕಿದರು. ಟಿಂಬ್ಸ್ ಮಾಡಿದ ಅಪರಾಧಕ್ಕೆ ಕಾನೂನಿನಲ್ಲಿ ಹೇಳಿದ ಅತಿ ಹೆಚ್ಚಿನ ದಂಡ 10,000 ಡಾಲರ್. ಕಾರಿಗೆ ಕೊಟ್ಟದ್ದು ಅದರ ನಾಲ್ಕು ಪಟ್ಟಿಗೂ ಜಾಸ್ತಿ. ಅಂದರೆ ಎಂಥ ಕಠಿಣ ನ್ಯಾಯಾಧೀಶರಾದರೂ ವಿಧಿಸಲಾಗದ ದಂಡವನ್ನು ಸರ್ಕಾರ ಹಿಂಬಾಗಿಲಿನಿಂದ ವಸೂಲಿ ಮಾಡಲು ಹೊರಟಿತ್ತು. ಇದು ತಪ್ಪಿಗೆ ತಕ್ಕ ದಂಡ ಅಲ್ಲವೇ ಅಲ್ಲ ಅಂತ ಅವರು ಅರ್ಜಿ ವಜಾ ಮಾಡಿದರು. ರಾಜ್ಯದ ಮೇಲ್ಮನವಿ ನ್ಯಾಯಾಲಯವೂ ಅವರ ಮಾತನ್ನೇ ಎತ್ತಿಹಿಡಿಯಿತು.

ಅಷ್ಟಕ್ಕೇ ಮುಗಿಯಬೇಕಿತ್ತು. 2017ರಲ್ಲಿ ಇಂಡಿಯಾನಾ ಸುಪ್ರೀಂ ಕೋರ್ಟ್ ತೀರ್ಪನ್ನು ತಿರುಗಿಸಿತು. ಕಾರಣ ಕೇಳಿದರೆ ಆಶ್ಚರ್ಯವಾಗುತ್ತದೆ. ದಂಡ ಜಾಸ್ತಿಯೋ ಕಡಿಮೆಯೋ ಅಂತ ಅದು ನೋಡಲೇ ಇಲ್ಲ. ವಿಪರೀತ ದಂಡ ಹಾಕಬಾರದು ಎಂಬ ಸಂವಿಧಾನದ ಮಾತು ರಾಜ್ಯ ಸರ್ಕಾರಗಳಿಗೂ ಅನ್ವಯಿಸುತ್ತದೆ ಅಂತ ದೇಶದ ಸುಪ್ರೀಂ ಕೋರ್ಟ್ ಇದುವರೆಗೆ ಹೇಳಿಲ್ಲ, ಆದ್ದರಿಂದ ನಮ್ಮನ್ನು ಅದು ಕಟ್ಟಿಹಾಕುವುದಿಲ್ಲ ಅಂದಿತು.

ಒಂದೇ ಸಾಲು, ಮೂರು ತಡೆ

ಅಮೆರಿಕ ಸಂವಿಧಾನದ ಎಂಟನೇ ತಿದ್ದುಪಡಿ ಒಂದೇ ವಾಕ್ಯ. ವಿಪರೀತ ಜಾಮೀನು ಕೇಳಬಾರದು, ವಿಪರೀತ ದಂಡ ಹಾಕಬಾರದು, ಕ್ರೂರವೂ ಅಸಹಜವೂ ಆದ ಶಿಕ್ಷೆ ಕೊಡಬಾರದು. ಜಾರಿಗೆ ಬಂದದ್ದು 1791ರಲ್ಲಿ. ಇದರ ಮಾತುಗಳು ಬಹುಮಟ್ಟಿಗೆ ಇಂಗ್ಲೆಂಡಿನ 1689ರ ಹಕ್ಕುಗಳ ಮಸೂದೆಯಿಂದ ಬಂದವು.

ಮೂರರಲ್ಲಿ ಹೆಚ್ಚು ಚರ್ಚೆಯಾದದ್ದು ಕ್ರೂರ ಶಿಕ್ಷೆಯ ಭಾಗ. ಅದರಲ್ಲಿ ಟಿಂಬ್ಸ್ ಕಥೆಗೆ ಹತ್ತಿರವಾದ ತೀರ್ಪು 1962ರ ರಾಬಿನ್ಸನ್ ಪ್ರಕರಣದ್ದು. ಮಾದಕ ವಸ್ತುವಿನ ಚಟ ಇದೆ ಎಂಬ ಒಂದೇ ಕಾರಣಕ್ಕೆ ಒಬ್ಬನನ್ನು ಅಪರಾಧಿ ಅನ್ನುವಂತಿಲ್ಲ, ಅದು ಕಾಯಿಲೆ ಬಂದದ್ದಕ್ಕೆ ಜೈಲಿಗೆ ಹಾಕಿದ ಹಾಗೆ ಅಂತ ಆಗ ಸುಪ್ರೀಂ ಕೋರ್ಟ್ ಹೇಳಿತ್ತು. ಜಾಮೀನಿನ ಬಗ್ಗೆ 1951ರ ಸ್ಟ್ಯಾಕ್ ಪ್ರಕರಣ ಇದೆ. ಆರೋಪಿ ವಿಚಾರಣೆಗೆ ಬರಬೇಕು, ಜಾಮೀನು ಇರುವುದೇ ಅದಕ್ಕೆ. ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಮೊತ್ತ ಕೇಳಿದರೆ ಅದು ವಿಪರೀತ ಅಂತ ಕೋರ್ಟ್ ಹೇಳಿತು. ಅಲ್ಲಿ ಪ್ರತಿಯೊಬ್ಬ ಆರೋಪಿಗೂ 50,000 ಡಾಲರ್ ನಿಗದಿಯಾಗಿತ್ತು.

ದಂಡದ ಮಾತು ಮಾತ್ರ ಇನ್ನೂರು ವರ್ಷ ಹೆಚ್ಚುಕಮ್ಮಿ ಮೂಲೆಯಲ್ಲೇ ಇತ್ತು. 1993ರ ಆಸ್ಟಿನ್ ಪ್ರಕರಣದಲ್ಲಿ ಒಂದು ಮುಖ್ಯ ಮಾತು ಬಂತು: ಸಿವಿಲ್ ಮುಟ್ಟುಗೋಲು ಕೂಡ ಭಾಗಶಃ ಶಿಕ್ಷೆಯೇ ಆಗಿದ್ದರೆ ಅದನ್ನು ದಂಡ ಅಂತಲೇ ನೋಡಬೇಕು. 1998ರಲ್ಲಿ, ದೇಶದಿಂದ ಹೊರಗೆ ಒಯ್ಯುವಾಗ ಘೋಷಿಸದೆ ಬಿಟ್ಟ 3,57,144 ಡಾಲರ್ ನಗದನ್ನು ಪೂರ್ತಿ ಕಿತ್ತುಕೊಳ್ಳುವುದು ಹೆಚ್ಚಾಯಿತು ಅಂತ ಕೋರ್ಟ್ ಮೊದಲ ಬಾರಿಗೆ ಒಂದು ಮುಟ್ಟುಗೋಲನ್ನು ರದ್ದು ಮಾಡಿತು. ಎರಡೂ ಕೇಂದ್ರ ಸರ್ಕಾರದ ವಿರುದ್ಧದ ಪ್ರಕರಣಗಳು. ಎಂಟನೇ ತಿದ್ದುಪಡಿಯೂ ಸೇರಿದ ಸಂವಿಧಾನದ ಹಕ್ಕುಗಳ ಪಟ್ಟಿ ಮೊದಲು ಕೇಂದ್ರವನ್ನಷ್ಟೇ ಕಟ್ಟಿಹಾಕುತ್ತಿತ್ತು. ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, ಹದಿನಾಲ್ಕನೇ ತಿದ್ದುಪಡಿ ಬಂತು. ಅದರ ಮೂಲಕ ಒಂದೊಂದೇ ಹಕ್ಕನ್ನು ಸುಪ್ರೀಂ ಕೋರ್ಟ್ ರಾಜ್ಯಗಳ ಮೇಲೂ ಹೇರುತ್ತಾ ಬಂತು. ಆ ಸರದಿಯಲ್ಲಿ ದಂಡದ ಮಾತಿಗೆ ಸರದಿ ಬಂದೇ ಇರಲಿಲ್ಲ. ದಿನನಿತ್ಯ ಜನಕ್ಕೆ ದಂಡ ಹಾಕುವವರು ಯಾರು? ರಾಜ್ಯ, ಜಿಲ್ಲೆ, ನಗರಸಭೆ. ತಡೆ ಬೇಕಾದ ಕಡೆಯೇ ತಡೆ ಇರಲಿಲ್ಲ.

ಬುಗಾಟಿ ಕಾರಿನ ಪ್ರಶ್ನೆ

ಪ್ರಕರಣ ವಾಷಿಂಗ್ಟನ್ನಿನಲ್ಲಿರುವ ದೇಶದ ಸುಪ್ರೀಂ ಕೋರ್ಟ್ ತಲುಪಿತು. 2018ರ ನವೆಂಬರ್ 28ರಂದು ವಾದ ನಡೆಯಿತು. ಟಿಂಬ್ಸ್ ಪರ ಇನ್‌ಸ್ಟಿಟ್ಯೂಟ್ ಫಾರ್ ಜಸ್ಟಿಸ್ ಸಂಸ್ಥೆಯ ವೆಸ್ಲಿ ಹಾಟಟ್, ಇಂಡಿಯಾನಾ ಪರ ಆ ರಾಜ್ಯದ ಸಾಲಿಸಿಟರ್ ಜನರಲ್ ಥಾಮಸ್ ಫಿಶರ್.

ಫಿಶರ್ ಬಾಯಿ ತೆರೆದ ಸ್ವಲ್ಪ ಹೊತ್ತಿಗೇ ನ್ಯಾಯಮೂರ್ತಿ ನೀಲ್ ಗೋರ್ಸಚ್ ತಡೆದರು. ಈ ತಿದ್ದುಪಡಿ ರಾಜ್ಯಗಳಿಗೆ ಅನ್ವಯಿಸುತ್ತದೆ ತಾನೇ ಅಂತ ನೇರವಾಗಿ ಕೇಳಿದರು. 2018ನೇ ಇಸವಿಯಲ್ಲೂ ಈ ಹಕ್ಕುಗಳು ರಾಜ್ಯಗಳಿಗೆ ಸಲ್ಲುತ್ತವೋ ಇಲ್ಲವೋ ಅಂತ ವಾದ ಮಾಡುತ್ತಾ ಕೂತಿದ್ದೀವಲ್ಲ ಎಂಬ ಬೇಸರ ಅವರ ಮಾತಿನಲ್ಲಿತ್ತು.

ಆಮೇಲೆ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಒಂದು ಕಲ್ಪಿತ ಉದಾಹರಣೆ ಮುಂದಿಟ್ಟರು. ಒಂದು ರಾಜ್ಯಕ್ಕೆ ಹಣ ಬೇಕು ಅಂತಿಟ್ಟುಕೊಳ್ಳಿ. ವೇಗಮಿತಿ ಮೀರಿ ಓಡಿಸಿದವರ ಕಾರು ಜಪ್ತಿ ಅಂತ ಕಾನೂನು ಮಾಡುತ್ತದೆ. ಒಬ್ಬ ಬುಗಾಟಿ ಎಂಬ ಭಾರೀ ದುಬಾರಿ ಕಾರಿನಲ್ಲಿ ಹೋಗುತ್ತಿದ್ದಾನೆ, ಮಿತಿಗಿಂತ ಗಂಟೆಗೆ ಐದು ಮೈಲಿ ಜಾಸ್ತಿ. ಅವನ ಬುಗಾಟಿ ಹೋಗುತ್ತದಾ? ಹೌದು, ಹೋಗುತ್ತದೆ ಅಂತ ಫಿಶರ್ ಉತ್ತರಿಸಿದರು.

ಆ ಉತ್ತರ ಬಾಯಿತಪ್ಪಿ ಬಂದದ್ದಲ್ಲ. ಇಂಡಿಯಾನಾದ ವಾದ ಒಪ್ಪಿದರೆ ಬೇರೆ ಉತ್ತರ ಕೊಡಲು ಸಾಧ್ಯವೇ ಇರಲಿಲ್ಲ. ವಸ್ತುವನ್ನೇ ತಪ್ಪಿತಸ್ಥ ಅಂತ ಹಿಡಿಯುವುದು ಈ ಬಗೆಯ ಮುಟ್ಟುಗೋಲಿನ ಹಳೇ ತರ್ಕ. ಕಾರು ಅಪರಾಧದಲ್ಲಿ ಬಳಕೆಯಾಯಿತು, ಕಾರು ಸರ್ಕಾರದ್ದಾಯಿತು. ಬೆಲೆ ಎಷ್ಟು, ತಪ್ಪು ಎಷ್ಟು ಅಂತ ಕೇಳುವ ಹಾಗೇ ಇಲ್ಲ. ಇಲಿ ಹಿಡಿಯಲು ಮನೆ ಸುಟ್ಟರೂ ಲೆಕ್ಕ ಸರಿ ಅನ್ನುವ ತರ್ಕ ಇದು. ನ್ಯಾಯಪೀಠದ ಮುಂದೆ ಅದನ್ನು ಬಿಡಿಸಿ ಹೇಳಿದ ಆ ಕ್ಷಣಕ್ಕೇ ಕೇಸಿನ ಗತಿ ತಿಳಿದುಹೋಯಿತು ಅಂತ ನನ್ನ ಅನಿಸಿಕೆ.

ಗಿನ್ಸ್‌ಬರ್ಗ್ ತೀರ್ಪು

2019ರ ಫೆಬ್ರವರಿ 20ರಂದು ತೀರ್ಪು ಬಂತು. ಒಂಬತ್ತೂ ನ್ಯಾಯಮೂರ್ತಿಗಳು ಟಿಂಬ್ಸ್ ಪರ. ಬರೆದವರು ರೂತ್ ಬೇಡರ್ ಗಿನ್ಸ್‌ಬರ್ಗ್. ಶ್ವಾಸಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮುಗಿಸಿ ಅವರು ಪೀಠಕ್ಕೆ ಮರಳಿದ್ದು ಅದೇ ವಾರ. ತೀರ್ಪು ಚಿಕ್ಕದು, ಒಂದೇ ಸಲ ಕೂತು ಓದಿ ಮುಗಿಸಬಹುದು.

ಅವರು 1215ರಲ್ಲಿ ಇಂಗ್ಲೆಂಡಿನ ದೊರೆ ಒಪ್ಪಿದ ಹಕ್ಕುಪತ್ರ ಮ್ಯಾಗ್ನಾಕಾರ್ಟಾದಿಂದ ಶುರು ಮಾಡುತ್ತಾರೆ. ಸಣ್ಣ ತಪ್ಪಿಗೆ ಅದರ ಅಳತೆಯ ದಂಡ, ದೊಡ್ಡ ತಪ್ಪಿಗೆ ಅದರ ಅಳತೆಯ ದಂಡ, ಆದರೆ ತಪ್ಪು ಮಾಡಿದವನ ಜೀವನೋಪಾಯಕ್ಕೆ ಕೈ ಹಾಕಬಾರದು ಎಂಬುದು ಅಲ್ಲಿನ ಷರತ್ತು. ವ್ಯಾಪಾರಿಗೆ ದಂಡ ಹಾಕಿದರೂ ಅವನ ಸರಕು ಉಳಿಯಬೇಕು. ಜೀತದಾಳು ರೈತನಿಗೆ ದಂಡ ಹಾಕಿದರೂ ಬೇಸಾಯದ ಸಾಧನ ಉಳಿಯಬೇಕು. ಎಂಟುನೂರು ವರ್ಷದ ಹಿಂದೆ ದೊರೆಯ ಕೈಯಿಂದ ಬರೆಸಿಕೊಂಡ ಮಾತು ಇದು! ನೇಗಿಲು ಕಿತ್ತುಕೊಂಡರೆ ಮುಂದಿನ ವರ್ಷ ಅವನು ದಂಡ ಕಟ್ಟುವುದಿರಲಿ, ಊಟಕ್ಕೂ ಗತಿಯಿಲ್ಲದೆ ಹೋಗುತ್ತಾನೆ ಎಂಬ ತಿಳಿವಳಿಕೆ ಅವತ್ತಿಗೇ ಇತ್ತು.

ನನಗೆ ಇನ್ನೂ ನಾಟಿದ್ದು ಗಿನ್ಸ್‌ಬರ್ಗ್ ಎತ್ತಿ ತೋರಿಸಿದ ಇನ್ನೊಂದು ಇತಿಹಾಸ. ಗುಲಾಮಗಿರಿ ರದ್ದಾದ ಮೇಲೆ ದಕ್ಷಿಣದ ರಾಜ್ಯಗಳು ಕರಿಯರಿಗೆಂದೇ ಬೇರೆ ಕಾನೂನುಗಳನ್ನು ಮಾಡಿದವು. ಮಿಸಿಸಿಪ್ಪಿಯ 1865ರ ಕಾನೂನು ಅವುಗಳಲ್ಲಿ ಒಂದು. ಕೆಲಸವಿಲ್ಲದೆ ಅಲೆಯುತ್ತಿದ್ದಾನೆ ಅಂತ ಯಾರನ್ನಾದರೂ ಹಿಡಿದು 50 ಡಾಲರ್‌ವರೆಗೆ ದಂಡ ಹಾಕಬಹುದಿತ್ತು. ಬಿಡುಗಡೆಯಾದ ಗುಲಾಮನ ಕೈಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು? ಐದು ದಿನದೊಳಗೆ ಕಟ್ಟದಿದ್ದರೆ, ಆ ದಂಡ ಕಟ್ಟಲು ಒಪ್ಪಿದವರ ಕೈಗೆ ಅವನನ್ನು ಕೂಲಿಗೆ ಒಪ್ಪಿಸುತ್ತಿದ್ದರು. ಹೊಲ ಅದೇ, ಕೆಲಸ ಅದೇ. ಸಂಕೋಲೆಯ ಜಾಗಕ್ಕೆ ದಂಡದ ರಸೀದಿ ಬಂದಿತ್ತು, ಅಷ್ಟೇ. ಹದಿನಾಲ್ಕನೇ ತಿದ್ದುಪಡಿ ಬಂದದ್ದು ಇಂಥದ್ದನ್ನೆಲ್ಲ ನಿಲ್ಲಿಸಲು. ಆಗಿದ್ದ 37 ರಾಜ್ಯಗಳಲ್ಲಿ 35ರ ಸಂವಿಧಾನಗಳು ವಿಪರೀತ ದಂಡವನ್ನು ಬೇಡ ಅಂದಿದ್ದವು. ಅಲ್ಲಿಗೆ, ಇದು ಮೂಲಭೂತ ಹಕ್ಕು, ರಾಜ್ಯಗಳಿಗೂ ಅನ್ವಯ ಅಂತ ತೀರ್ಪು.

ಇನ್ನೊಂದು ಮಾತನ್ನೂ ಅವರು ಸೇರಿಸಿದರು. ಬೇರೆ ಶಿಕ್ಷೆಗಳಿಂದ ಸರ್ಕಾರಕ್ಕೆ ಖರ್ಚು. ಜೈಲು ನಡೆಸಬೇಕು, ಊಟ ಹಾಕಬೇಕು. ದಂಡದಿಂದ ಮಾತ್ರ ಆದಾಯ. ಹಾಗಾಗಿ ದಂಡದ ವಿಷಯದಲ್ಲಿ ನ್ಯಾಯಾಲಯ ಇನ್ನೂ ಹುಷಾರಾಗಿರಬೇಕು. ಮೇರಿಯನ್‌ನಲ್ಲಿ ಪಾಲಿನ ಆಸೆಗೆ ದಾವೆ ಹೂಡುವ ಖಾಸಗಿ ವಕೀಲರ ಪದ್ಧತಿಯನ್ನು ನೆನೆದರೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಅಳತೆಗೋಲು ಯಾವುದು?

ಇಷ್ಟಾದರೂ ಟಿಂಬ್ಸ್‌ಗೆ ಕಾರು ಸಿಗಲಿಲ್ಲ. ಗಿನ್ಸ್‌ಬರ್ಗ್ ತೀರ್ಪು ಹಕ್ಕು ಇದೆ ಅಂದಿತು, ಈ ಕಾರಿನ ವಿಷಯದಲ್ಲಿ ಅದು ಮುರಿದಿದೆಯೋ ಇಲ್ಲವೋ ಅಂತ ಹೇಳಲಿಲ್ಲ. ಎಷ್ಟು ದಂಡ ಹಾಕಿದರೆ ವಿಪರೀತ ಅಂತಲೂ ಹೇಳಲಿಲ್ಲ. ಕೇಸು ಇಂಡಿಯಾನಾಗೆ ವಾಪಸ್.

2019ರ ಅಕ್ಟೋಬರ್‌ನಲ್ಲಿ ಇಂಡಿಯಾನಾ ಸುಪ್ರೀಂ ಕೋರ್ಟ್ ಒಂದು ಅಳತೆಗೋಲು ಮಾಡಿತು. ಮುಖ್ಯ ನ್ಯಾಯಮೂರ್ತಿ ಲೊರೆಟಾ ರಷ್ ಬರೆದ ತೀರ್ಪು. ಮೊದಲು, ಆ ಆಸ್ತಿ ನಿಜವಾಗಿಯೂ ಅಪರಾಧದ ಸಾಧನವೇ ಆಗಿತ್ತಾ? ಟಿಂಬ್ಸ್ ಕಾರಿನ ಮಟ್ಟಿಗೆ ಹೌದು ಅಂದರು. ಆಮೇಲೆ, ಮುಟ್ಟುಗೋಲಿನ ಪೆಟ್ಟು ಎಷ್ಟು ಜೋರು, ಅಪರಾಧ ಎಷ್ಟು ಗಂಭೀರ, ಮಾಲೀಕನ ತಪ್ಪು ಎಷ್ಟು, ಈ ಮೂರನ್ನೂ ತೂಗಬೇಕು. ಪೆಟ್ಟಿನ ಜೋರು ಅಳೆಯುವಾಗ ಆ ಮನುಷ್ಯನ ಹಣಕಾಸಿನ ಸ್ಥಿತಿಯನ್ನೂ ನೋಡಬೇಕು. ಇಲ್ಲಿ ರಷ್ ಬರೆದ ಮಾತಿನ ತಿರುಳು ಇಷ್ಟು: ಕೋಟ್ಯಧಿಪತಿಯಿಂದಲೂ, ಬೇರೇನೂ ಇಲ್ಲದವನಿಂದಲೂ ಒಂದೇ ವಸ್ತುವನ್ನು ಕಿತ್ತುಕೊಂಡರೆ ಇಬ್ಬರಿಗೂ ಒಂದೇ ಶಿಕ್ಷೆ ಆಯಿತು ಅನ್ನುವುದು ಬರೀ ಕಟ್ಟುಕಥೆ.

ಇಡೀ ಪ್ರಕರಣದಲ್ಲಿ ನನಗೆ ಅತಿ ಬೆಲೆಬಾಳುವ ಮಾತು ಅದು. ಸಾವಿರ ರೂಪಾಯಿ ದಂಡ ಅಂದರೆ ಒಬ್ಬರಿಗೆ ಒಂದು ಹೊತ್ತಿನ ಹೋಟೆಲ್ ಬಿಲ್ಲು, ಇನ್ನೊಬ್ಬರಿಗೆ ಎರಡು ದಿನದ ಕೂಲಿ. ಇದನ್ನು ನ್ಯಾಯಾಲಯ ಕಾಣದ ಹಾಗೆ ಕೂರಬಾರದು.

ಮತ್ತೆ ಜೆಫ್ರಿ ಟಾಡ್ ಮುಂದೆಯೇ ಕೇಸು ಬಂತು. 2020ರ ಏಪ್ರಿಲ್‌ನಲ್ಲಿ ಅವರು ಹೊಸ ಅಳತೆಗೋಲು ಹಿಡಿದು ಮತ್ತೆ ಅದೇ ಉತ್ತರ ಕೊಟ್ಟರು. ಟಿಂಬ್ಸ್ ದೊಡ್ಡ ಮಾರಾಟಗಾರನಲ್ಲ, ತನ್ನ ಚಟಕ್ಕೆ ಹಣ ಹೊಂದಿಸಲು ಮಾರಿದವನು. ಮಾರಿದ್ದು ಪೊಲೀಸರಿಗೆ, ಅದು ಬೇರೆಯವರ ಮೈಗೆ ಹೋಗಲಿಲ್ಲ. ಕಾರು ಇಲ್ಲದೆ ಕೆಲಸಕ್ಕೆ, ಚಿಕಿತ್ಸೆಗೆ ಹೋಗುವುದು ಅವನಿಗೆ ಇನ್ನೂ ಕಷ್ಟ. ಅಮೆರಿಕದ ಸಣ್ಣ ಊರುಗಳಲ್ಲಿ ನಮ್ಮ ಕೆಎಸ್ಸಾರ್ಟಿಸಿ ತರಹ ಬಸ್ಸುಗಳಿಲ್ಲ ಅಂತ ಅಲ್ಲಿ ಇರುವ ನಮ್ಮವರಿಗೆ ಚೆನ್ನಾಗಿ ಗೊತ್ತು. ಕಾರಿಲ್ಲದವನು ಅಲ್ಲಿ ಮನೆಯಲ್ಲೇ ಕಟ್ಟುಬಿದ್ದವನು. ಚಟ ಬಿಡಿಸಿಕೊಂಡು ಕೆಲಸ ಹುಡುಕು ಅಂತ ಒಂದು ಕೋರ್ಟು ಹೇಳುತ್ತದೆ, ಕೆಲಸಕ್ಕೆ ಹೋಗುವ ಗಾಡಿಯನ್ನು ಅದೇ ಸರ್ಕಾರ ಇಟ್ಟುಕೊಳ್ಳುತ್ತದೆ. ಟಿಂಬ್ಸ್ ಆ ವರ್ಷಗಳಲ್ಲಿ ಚಿಕ್ಕಮ್ಮನ ಕಾರನ್ನು ಕೇಳಿ ಪಡೆದು ಓಡಾಡುತ್ತಿದ್ದ.

2020ರ ಮೇ ತಿಂಗಳಲ್ಲಿ ಕಾರು ಕೈಗೆ ಬಂತು. ಸರ್ಕಾರ ಮತ್ತೆ ಮೇಲ್ಮನವಿ ಹಾಕಿತು! 2021ರ ಜೂನ್ 10ರಂದು ಇಂಡಿಯಾನಾ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಟಿಂಬ್ಸ್ ಪರ ನಿಂತರು, ಒಬ್ಬರು ಒಪ್ಪಲಿಲ್ಲ. ಹೆರಾಯಿನ್ ಮಾರುವುದು ಸಣ್ಣ ಅಪರಾಧವಲ್ಲ ಎಂಬ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಪರಾಧ ಗಂಭೀರ ಅಂತ ಒಪ್ಪಿಯೇ ಶಾಸಕಾಂಗ 10,000 ಡಾಲರ್ ಮಿತಿ ಹಾಕಿತ್ತಲ್ಲ.

ತೀರ್ಪು ಮುಟ್ಟದ ಜಾಗ

ಟಿಂಬ್ಸ್ ಗೆದ್ದ. ಆದರೆ ಏಳು ವರ್ಷ ಕಾರು ಇಲ್ಲದೆ ಕಳೆದ. ಆ ಕಾಯುವಿಕೆಗೆ ಈ ತೀರ್ಪಿನಲ್ಲಿ ಮದ್ದಿಲ್ಲ. ಅಲಬಾಮಾದಲ್ಲಿ ಇಬ್ಬರು ಹೆಂಗಸರ ಕಾರುಗಳನ್ನು ಬೇರೆಯವರು ಮಾಡಿದ ತಪ್ಪಿಗೆ ಪೊಲೀಸರು ಜಪ್ತಿ ಮಾಡಿದ್ದರು. ಮುಟ್ಟುಗೋಲಿನ ವಿಚಾರಣೆ ಮುಗಿಯುವ ತನಕ ಕಾರು ಇಟ್ಟುಕೊಳ್ಳುವುದು ಸರಿಯೇ ಅಂತ ಮೊದಲೇ ಒಂದು ಚಿಕ್ಕ ವಿಚಾರಣೆ ನಡೆಸಿ ಅಂತ ಅವರು ಕೇಳಿದರು. 2024ರ ಮೇನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರಿಂದ ಅದನ್ನು ತಳ್ಳಿಹಾಕಿತು. ಸಕಾಲಕ್ಕೆ ಒಂದು ವಿಚಾರಣೆ ಆದರೆ ಸಾಕು, ಎರಡನೆಯದು ಬೇಕಿಲ್ಲ ಅಂದಿತು. ಆ ಮೂವರ ಭಿನ್ನಮತವೇ ಸರಿ ಅಂತ ನನಗನ್ನಿಸುತ್ತದೆ. ಗಾಡಿ ನಂಬಿ ದುಡಿಯುವವರಿಗೆ ಕಾಯುವುದೇ ಶಿಕ್ಷೆ. ನಮ್ಮ ಪೊಲೀಸ್ ಠಾಣೆಗಳ ಮುಂದೆ ಬಿಸಿಲು ಮಳೆಗೆ ತುಕ್ಕು ಹಿಡಿದು ನಿಂತ ಬೈಕು, ಆಟೋಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಸಂವಿಧಾನದಲ್ಲಿ ಎಂಟನೇ ತಿದ್ದುಪಡಿಯಂಥ ಸಾಲು ಇಲ್ಲ. ಆ ಕೆಲಸವನ್ನು ನ್ಯಾಯಾಲಯಗಳು ಬಹುಮಟ್ಟಿಗೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡುವ 21ನೇ ವಿಧಿಯಿಂದ ಮಾಡಿಸಿಕೊಂಡಿವೆ. ಆದರೆ ಸಾಮಾನ್ಯ ಕಾನೂನಿನಲ್ಲಿ ಅದೇ ಮಾತು ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ದಂಡದ ಮೊತ್ತ ಇಷ್ಟೇ ಅಂತ ಹೇಳದ ಕಡೆ ದಂಡಕ್ಕೆ ಮಿತಿಯಿಲ್ಲ, ಆದರೆ ಅದು ವಿಪರೀತ ಆಗಬಾರದು ಅಂತ ಹಳೇ ದಂಡಸಂಹಿತೆಯ 63ನೇ ಸೆಕ್ಷನ್ ಹೇಳುತ್ತಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 8ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಜಾಮೀನು ಬಾಂಡಿನ ಮೊತ್ತ ವಿಪರೀತ ಇರಬಾರದು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 484ನೇ ಸೆಕ್ಷನ್ ಹೇಳುತ್ತದೆ.

ಇಲ್ಲಿ 1978ರ ಮೋತಿರಾಮ್ ಪ್ರಕರಣ ನೆನಪಾಗುತ್ತದೆ. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ 10,000 ರೂಪಾಯಿ ಶ್ಯೂರಿಟಿ (ಇನ್ನೊಬ್ಬರು ಹೊಣೆ ಹೊರುವ ಜಾಮೀನು) ಕೇಳಿದ್ದರು. ಅವನ ಸಹೋದರನ ಶ್ಯೂರಿಟಿಯನ್ನು, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಮ್ಯಾಜಿಸ್ಟ್ರೇಟರು ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನನ್ನು 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿಸಿದರು. ಒಬ್ಬ ಮಲಯಾಳಿ, ಕನ್ನಡಿಗ, ತಮಿಳ ಅಥವಾ ತೆಲುಗನನ್ನು ಬಸ್ತರ್‌ನಲ್ಲೋ ಚಾಂದನಿ ಚೌಕದಲ್ಲೋ ಹಿಡಿದರೆ ಅವನು ಅಲ್ಲಿ ಆಸ್ತಿ ಇರುವ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು ಅಂತ ಅವರು ಕೇಳಿದ್ದರು. ಬೆಂಗಳೂರಿಗೆ ಕೆಲಸಕ್ಕೆ ಬಂದ ಹೊರಗಿನವರು ಇವತ್ತು ಪಹಣಿ ಇರುವ ಶ್ಯೂರಿಟಿ ಹುಡುಕುವಾಗ ಅದೇ ಪ್ರಶ್ನೆ ತಿರುಗಿ ನಿಲ್ಲುತ್ತದೆ.

ಹಾಗಾಗಿ ಒಂದು ಉಪಯೋಗದ ಮಾತು. ಶ್ಯೂರಿಟಿ ಮೊತ್ತ ಕೈಗೆಟುಕದಿದ್ದರೆ ಸುಮ್ನೆ ಒಳಗೆ ಕೂರಬೇಕಿಲ್ಲ. ಮ್ಯಾಜಿಸ್ಟ್ರೇಟರು ಅಥವಾ ಪೊಲೀಸರು ಕೇಳಿದ ಮೊತ್ತವನ್ನು ಕಡಿಮೆ ಮಾಡುವ ಅಧಿಕಾರ ಸೆಷನ್ಸ್ ಕೋರ್ಟಿಗೂ ಹೈಕೋರ್ಟಿಗೂ ಅದೇ 484ನೇ ಸೆಕ್ಷನ್ನಿನಲ್ಲಿದೆ. 2023ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮಾಡಿದ ಆದೇಶವೂ ಇದೆ. ಜಾಮೀನು ಸಿಕ್ಕಿ ಏಳು ದಿನವಾದರೂ ಕೈದಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಮನೆಯವರು ಪ್ರಾಧಿಕಾರದ ಕಚೇರಿಗೆ ನೇರವಾಗಿ ಹೋಗಿಯೂ ಕೇಳಬಹುದು. ಅಲ್ಲಿ ವಕೀಲರಿಗೆ ಫೀಸು ಕೊಡಬೇಕಿಲ್ಲ.